ಇರುಂಗಾಟ್ಟುಕೋಟ್ಟೈಗೆ ಹೋಗಿ ಬರುವ ಕಾರಿಗೆ ಯಾವ ಬ್ರೇಕ್ ಪ್ಯಾಡ್?

ತೀರ್ಪು ಮೊದಲೇ ಹೇಳಿಬಿಡೋಣ, ಅವಸರದಲ್ಲಿರುವವರು ಇಲ್ಲಿಗೇ ಎದ್ದು ಹೋಗಬಹುದು. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ, 1,200 ಕೆಜಿ ಆಸುಪಾಸಿನ ಕಾರು. ವರ್ಷಕ್ಕೆ ಮೂರ್ನಾಲ್ಕು ಟ್ರ್ಯಾಕ್ ಡೇ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ. ಉಳಿದ ದಿನವೆಲ್ಲ ಆಫೀಸು, ಸಿಗ್ನಲ್ಲು, ಆಗೊಮ್ಮೆ ಈಗೊಮ್ಮೆ ಘಾಟಿ. ಇಂಥ ಕಾರಿನ ಮುಂದಿನ ಎರಡು ಚಕ್ರಕ್ಕೆ ಫೆರೋಡೊ ಡಿಎಸ್2500 ಪ್ಯಾಡ್, ಅದರ ಜೊತೆಗೆ ಒಂದು ಲೀಟರ್ ಹೊಸ ರೇಸಿಂಗ್ ಬ್ರೇಕ್ ಫ್ಲೂಯಿಡ್ (ಪೆಡಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವ ದ್ರವ). ಟ್ರ್ಯಾಕ್ ಎಂದರೆ ವರ್ಷಕ್ಕೊಮ್ಮೆ, ಅದೂ ಗೆಳೆಯರ ಒತ್ತಾಯಕ್ಕೆ ಅನ್ನುವವರಿಗೆ ಕಾರಿನ ಜೊತೆ ಬಂದ ಕಂಪನಿ ಪ್ಯಾಡೇ ಸಾಕು, ಫ್ಲೂಯಿಡ್ ಮಾತ್ರ ಬದಲಿಸಿ. ಶುದ್ಧ ರೇಸ್ ಪ್ಯಾಡ್ ಹಾಕಿಕೊಂಡು ದಿನವೂ ಊರಲ್ಲಿ ಓಡಾಡುವ ಆಲೋಚನೆ ಇದ್ದರೆ ಬಿಟ್ಟುಬಿಡಿ.

ಪೋಲೋ ಜಿಟಿ ಟಿಎಸ್‌ಐ, ವರ್ಟಸ್, ಸ್ಲಾವಿಯಾ, ಬಲೆನೊ, ಸ್ವಿಫ್ಟ್: ನಮ್ಮ ಕಡೆ ಟ್ರ್ಯಾಕ್ ಡೇಗೆ ಬರುವ ಕಾರುಗಳಲ್ಲಿ ದೊಡ್ಡ ಪಾಲು ಇವೇ. ಬೆಂಗಳೂರಿನವರಿಗೆ ಕೈಗೆಟುಕುವ ಟ್ರ್ಯಾಕ್‌ಗಳಲ್ಲಿ ಎರಡು ತಮಿಳುನಾಡಿನಲ್ಲಿವೆ. ಒಂದು ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿರುವ 3.7 ಕಿಮೀ ಉದ್ದದ ಮದ್ರಾಸ್ ಟ್ರ್ಯಾಕ್. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಕರಿ ಮೋಟರ್ ಸ್ಪೀಡ್‌ವೇ, ಸುಮಾರು 2.1 ಕಿಮೀ. ಎರಡಕ್ಕೂ ಕಾರು ಟ್ರೈಲರ್ ಏರಿ ಹೋಗುವುದಿಲ್ಲ, ತನ್ನ ಚಕ್ರದ ಮೇಲೇ ಹೋಗಿ ತನ್ನ ಚಕ್ರದ ಮೇಲೇ ಬರುತ್ತದೆ. ಪ್ಯಾಡ್ ಆಯ್ಕೆಯ ಗಂಟು ಇರುವುದೇ ಇಲ್ಲಿ. ಬಿಸಿಯಾದಾಗ ಚೆನ್ನಾಗಿ ಹಿಡಿಯುವ ಪ್ಯಾಡ್ ಹಣ ಕೊಟ್ಟರೆ ಯಾರ ಬಳಿಯೂ ಸಿಗುತ್ತದೆ. ಟ್ರ್ಯಾಕ್ ಮುಗಿಸಿ ವಾಪಸು ಬರುವಾಗ, ಹೊಸೂರು ದಾಟಿದ ಮೇಲೆ, ಮಳೆಯಲ್ಲಿ, ಡಿಸ್ಕ್ ಪೂರ್ತಿ ತಣ್ಣಗಿರುವಾಗ ಬೈಕೊಂದು ಅಡ್ಡ ಬಂದರೆ ಮೊದಲ ಒತ್ತಿಗೇ ಹಿಡಿಯುವ ಪ್ಯಾಡ್ ಯಾವುದು ಎಂದು ಕೇಳಿ, ಪಟ್ಟಿ ತಟ್ಟನೆ ಚಿಕ್ಕದಾಗುತ್ತದೆ.

ಬಿಸಿ ಎಷ್ಟಾಗುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಚಾಲಕನೂ ಸೇರಿ 1,200 ಕೆಜಿಯ ಕಾರು ಗಂಟೆಗೆ 160 ಕಿಮೀ ವೇಗದಿಂದ 80ಕ್ಕೆ ಇಳಿದರೆ ಹೊರಬರುವ ಶಕ್ತಿ ಸುಮಾರು 890 ಕಿಲೋಜೂಲ್. ಭಾರ ಮುಂದಕ್ಕೆ ವಾಲುವುದರಿಂದ ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಮುಂದಿನ ಡಿಸ್ಕ್‌ಗಳ ಪಾಲು. ಒಂದೊಂದು ಡಿಸ್ಕ್‌ನಲ್ಲಿ ಬಿಸಿ ಹೀರುವ ಕಬ್ಬಿಣ 5 ಕೆಜಿ ಎಂದಿಟ್ಟುಕೊಂಡರೆ ಆ ಒಂದೇ ಬ್ರೇಕಿಗೆ ಡಿಸ್ಕ್‌ನ ತಾಪ ಸರಿಸುಮಾರು 130 ಡಿಗ್ರಿ ಏರುತ್ತದೆ. ಮುಂದಿನ ತಿರುವಿನೊಳಗೆ ಅದು ಪೂರ್ತಿ ಇಳಿಯುವುದಿಲ್ಲ, ಇನ್ನೊಂದು ಏರಿಕೆ ಅದರ ಮೇಲೆ ಕೂರುತ್ತದೆ. ಮೂರನೇ ಲ್ಯಾಪಿನ ಹೊತ್ತಿಗೆ ಡಿಸ್ಕ್ 400–500 ಡಿಗ್ರಿಯಲ್ಲಿ ಓಡಾಡುತ್ತಿದ್ದರೆ ಆಶ್ಚರ್ಯವಿಲ್ಲ. ಕರಿ ಸ್ಪೀಡ್‌ವೇಯಲ್ಲಿ ವೇಗ ಕಡಿಮೆ, ಆದರೆ ನೇರ ರಸ್ತೆಯೂ ಕಡಿಮೆ. ತಿರುವಿನ ಹಿಂದೆ ತಿರುವು ಬರುವುದರಿಂದ ಗಾಳಿ ಹೊಡೆದು ತಣಿಯಲು ಸಮಯವೇ ಸಿಗದು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ ಇನ್ನೊಂದು ಜಾತಿ: 1 ಕಿಮೀ ಮೀರಿದ ನೇರ, ಅದರ ತುದಿಯಲ್ಲಿ ಒಂದೇ ಭಾರಿ ಬ್ರೇಕು.

ಘಾಟಿಯನ್ನು ಇದಕ್ಕೆ ಹೋಲಿಸಿ ನೋಡಿ. ನಾಲ್ಕೈದು ಜನ, ಲಗೇಜು ಸೇರಿ 1,500 ಕೆಜಿಯ ಕಾರು 600 ಮೀಟರ್ ಎತ್ತರ ಇಳಿದರೆ ಕಳೆಯಬೇಕಾದ ಶಕ್ತಿ 8.8 ಮೆಗಾಜೂಲ್. ಅಂದರೆ ಮೇಲಿನ ಲೆಕ್ಕದ ಹತ್ತು ಬ್ರೇಕು. ಟ್ರ್ಯಾಕ್‌ನಲ್ಲಿ ಆ ಹತ್ತು ಬ್ರೇಕು ಎರಡು ಮೂರು ಲ್ಯಾಪಿನಲ್ಲಿ ಮುಗಿದುಹೋಗುತ್ತವೆ, ಆಗುಂಬೆಯ ಹದಿನಾಲ್ಕು ಹೇರ್‌ಪಿನ್ನುಗಳಲ್ಲಿ ಅದೇ ಬಿಸಿ ನಿಧಾನವಾಗಿ, ಗಾಳಿಯೂ ಇಲ್ಲದ ವೇಗದಲ್ಲಿ ಒಳಗಿಳಿಯುತ್ತದೆ. ಎಂಜಿನ್ ಬ್ರೇಕಿಂಗ್ ಅರ್ಧ ಭಾರ ಹೊತ್ತರೆ ಕಂಪನಿ ಪ್ಯಾಡಿಗೆ ಇದು ಏನೂ ಅಲ್ಲ. ಎರಡನೇ ಗೇರಿನಲ್ಲಿ ಇಳಿಯಲು ಬೇಸರಪಟ್ಟು ಡಿಎಸ್2500 ಹಾಕಿಸುವುದು ದುಡ್ಡು ದಂಡ.

ಇನ್ನು ಪ್ಯಾಡ್‌ಗಳು.

ಕಂಪನಿ ಪ್ಯಾಡ್, ಅಥವಾ ಅದಕ್ಕೆ ಸಮನಾದದ್ದು. ಬಾಷ್, ಬ್ರೆಂಬೋ, ರಾಣೆ, ಟಿವಿಎಸ್ ಗರ್ಲಿಂಗ್ ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದ ತಕ್ಷಣ ಸಿಗುವ ಸರಕು. ಡಬ್ಬದ ಮೇಲೆ ಬ್ರೆಂಬೋ ಎಂದಿದ್ದರೆ ರೇಸ್ ಪ್ಯಾಡ್ ಎಂದುಕೊಳ್ಳುವವರಿದ್ದಾರೆ. ಆ ಬೆಲೆಗೆ ಸಿಗುವುದು ರಸ್ತೆಯ ಪ್ಯಾಡೇ, ಒಳ್ಳೆಯ ರಸ್ತೆಯ ಪ್ಯಾಡ್. ಇವೆಲ್ಲದರ ಗುಣ ಒಂದೇ: ಬೆಳಗಿನ ಚಳಿಯಲ್ಲೂ ಮೊದಲ ಒತ್ತಿಗೇ ಹಿಡಿಯುತ್ತವೆ, ಕಿರುಚುವುದಿಲ್ಲ, ಡಿಸ್ಕ್ ತಿನ್ನುವುದಿಲ್ಲ. ಮಿತಿಯೂ ಒಂದೇ: 350 ಡಿಗ್ರಿ ದಾಟುತ್ತಿದ್ದಂತೆ ಪ್ಯಾಡ್‌ನೊಳಗಿನ ರೆಸಿನ್ (ಅದರ ವಸ್ತುಗಳನ್ನು ಹಿಡಿದಿಡುವ ಅಂಟು) ಬೆಂದು ಅನಿಲ ಬಿಡಲು ಶುರುಮಾಡುತ್ತದೆ. ಆ ಅನಿಲದ ಪದರ ಪ್ಯಾಡಿಗೂ ಡಿಸ್ಕಿಗೂ ನಡುವೆ ನುಸುಳಿದಾಗ ಪೆಡಲ್ ಕಲ್ಲಿನಂತೆ ಗಟ್ಟಿಯಿರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಎರಡು ಲ್ಯಾಪ್ ಜೋರು, ಒಂದು ಲ್ಯಾಪ್ ನಿಧಾನ ಎಂಬ ಶಿಸ್ತು ಇದ್ದವರು ಇದರಲ್ಲೇ ಇಡೀ ದಿನ ಕಳೆಯಬಹುದು. ಮೊದಲ ಸಲ ಟ್ರ್ಯಾಕಿಗೆ ಹೋಗುವವರು ಹೀಗೇ ಹೋಗುವುದು ಒಳ್ಳೆಯದು, ಬ್ರೇಕ್ ಬಳಸುವ ರೀತಿ ಬದಲಾಗದೆ ಪ್ಯಾಡ್ ಬದಲಾದರೆ ಪ್ರಯೋಜನವಿಲ್ಲ.

ಇಬಿಸಿ. ಇಂಗ್ಲೆಂಡಿನ ಈ ಕಂಪನಿಯ ಬಣ್ಣಗಳ ಗೊಂದಲ ಬಿಡಿಸುವುದೇ ಒಂದು ಕೆಲಸ. ಗ್ರೀನ್‌ಸ್ಟಫ್ ಕಂಪನಿ ಪ್ಯಾಡಿಗಿಂತ ಒಂದು ಮೆಟ್ಟಿಲು ಮೇಲಿನ ರಸ್ತೆ ಪ್ಯಾಡ್. ರೆಡ್‌ಸ್ಟಫ್ ಸೆರಾಮಿಕ್, ಧೂಳು ಕಡಿಮೆ, ಭಾರದ ವೇಗದ ಕಾರುಗಳ ಹೆದ್ದಾರಿ ಬಳಕೆಗೆ. ಈ ಎರಡನ್ನೂ ಟ್ರ್ಯಾಕಿಗೆಂದು ಕೊಳ್ಳಬೇಡಿ. ರೆಡ್‌ಸ್ಟಫ್‌ಗಂತೂ ಮೊದಲ ಹಿಡಿತ ಮೆದು, ಬೆಂಗಳೂರಿನ ಸಿಗ್ನಲ್ ಓಟಕ್ಕೂ ಅಷ್ಟಾಗಿ ಹೊಂದದು. ಯೆಲ್ಲೋಸ್ಟಫ್‌ನಿಂದ ಮುಂದೆ ನಿಜವಾದ ಸ್ಪರ್ಧೆ. ಅರಾಮಿಡ್ ಎಂಬ ಗಟ್ಟಿ ಕೃತಕ ನಾರಿನ ಈ ಪ್ಯಾಡ್ ತಣ್ಣಗಿದ್ದಾಗಲೇ ಗಪ್ಪನೆ ಕಚ್ಚುತ್ತದೆ, ಘಾಟಿಗೆ ಬಲು ಸೊಗಸು, ಲಘು ಟ್ರ್ಯಾಕ್ ಬಳಕೆಗೂ ನಡೆಯುತ್ತದೆ. 15–20 ನಿಮಿಷದ ಪೂರ್ತಿ ಸೆಷನ್ನುಗಳನ್ನು ದಿನಕ್ಕೆ ಐದು ಸಲ ಓಡಿಸುವವರಿಗೆ ಇದು ಬೇಗ ಸವೆಯುತ್ತದೆ. ಟ್ರ್ಯಾಕ್ ಡೇಗೆ ಎಂದೇ ಇಬಿಸಿ ಬ್ಲೂಸ್ಟಫ್ ಎನ್‌ಡಿಎಕ್ಸ್ ಇಟ್ಟಿದೆ, ಅದರ ಮೇಲೆ ರೇಸಿಗೆ ಆರ್‌ಪಿ ಶ್ರೇಣಿ. ಬ್ಲೂಸ್ಟಫ್ ಒಳ್ಳೆಯ ಪ್ಯಾಡ್, ಹಿಡಿತ ಎತ್ತರ, ಧೂಳೂ ಅಷ್ಟೇ ಎತ್ತರ. ಡಬ್ಬ ತೆರೆಯುವ ಮುನ್ನ ಪಾರ್ಟ್ ನಂಬರ್ ನೋಡಿ: ಡಿಪಿ2 ಎಂದು ಶುರುವಾದರೆ ಗ್ರೀನ್, ಡಿಪಿ3 ರೆಡ್, ಡಿಪಿ4 ಯೆಲ್ಲೋ, ಡಿಪಿ5 ಬ್ಲೂ. ಬಣ್ಣ ಬಳಿದ ನಕಲಿಗಳು ಚಲಾವಣೆಯಲ್ಲಿರುವಾಗ ಈ ಒಂದು ಅಂಕೆ ಉಪಯೋಗಕ್ಕೆ ಬರುತ್ತದೆ.

ಫೆರೋಡೊ ಡಿಎಸ್2500. ಫೆರೋಡೊ ಕೊಡುವ ಸರಾಸರಿ ಘರ್ಷಣಾಂಕ (ಹಿಡಿತದ ಅಳತೆ) 0.42, ಕೆಲಸದ ತಾಪ 20ರಿಂದ 500 ಡಿಗ್ರಿ. ಇದರಲ್ಲಿ 500 ಅನ್ನುವುದು ದೊಡ್ಡ ಅಂಕೆಯಲ್ಲ, ಅದನ್ನು ಮೀರಿಸುವ ಪ್ಯಾಡ್‌ಗಳು ಹತ್ತಾರಿವೆ. ಇಲ್ಲಿ ನೋಡಬೇಕಾದ್ದು 20. ಟ್ರ್ಯಾಕಿನ ಬಿಸಿ ತಡೆಯುವ ಪ್ಯಾಡ್‌ಗಳಲ್ಲಿ ಬೆಳಿಗ್ಗೆ ಗೇಟಿನಿಂದ ಹೊರಬಂದ ಮೊದಲ ಬ್ರೇಕಿಗೇ ನಂಬಿಕೆಯಿಂದ ಹಿಡಿಯುವವು ಬೆರಳೆಣಿಕೆಯಷ್ಟು. ಹಿಡಿತ ಕಂಪನಿ ಪ್ಯಾಡಿನಂತೆ ಒತ್ತಿದ ಕೂಡಲೇ ಜಿಗಿಯುವುದಿಲ್ಲ. ಕಾಲಿನ ಒತ್ತಡ ಏರಿಸಿದಷ್ಟೂ ಏರುತ್ತದೆ, ಬಿಟ್ಟಷ್ಟೂ ಇಳಿಯುತ್ತದೆ. ತಿರುವಿನೊಳಗೆ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗುವ ಟ್ರೇಲ್ ಬ್ರೇಕಿಂಗ್ ಕಲಿಯುವವರಿಗೆ ಈ ಗುಣಕ್ಕೆ ಬೆಲೆ ಕಟ್ಟಲಾಗದು. ಮೊದಲ ಎರಡು ದಿನ ಊರಲ್ಲಿ ಓಡಿಸಿದವರು 'ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಹಿಡಿತ ಏನೂ ಹೆಚ್ಚಿಲ್ಲವಲ್ಲ' ಎಂದು ಗೊಣಗುವುದೂ ಇದೇ ಗುಣದಿಂದ.

ದೋಷಗಳಿಲ್ಲದೆ ಇಲ್ಲ. ಊರಿನ ನಿಧಾನ ಓಟದಲ್ಲೇ ಸಾವಿರ ಕಿಮೀ ಕಳೆದರೆ ಡಿಸ್ಕ್ ಮೇಲಿನ ಪದರ ಅಳಿಸಿಹೋಗಿ, ಸಿಗ್ನಲ್ಲಿನಲ್ಲಿ ನಿಲ್ಲುವ ಕೊನೆಯ ಎರಡು ಮೀಟರಿನಲ್ಲಿ ಕಿರ್ ಎನ್ನಲು ಶುರುಮಾಡುತ್ತದೆ. ಖಾಲಿ ರಸ್ತೆಯಲ್ಲಿ ಎಂಟು ಹತ್ತು ಗಟ್ಟಿ ಬ್ರೇಕು ಹಾಕಿದರೆ ಒಂದಷ್ಟು ದಿನ ಸುಮ್ಮನಿರುತ್ತದೆ. ಕಪ್ಪು ಧೂಳು ಕಂಪನಿ ಪ್ಯಾಡಿಗಿಂತ ಖಂಡಿತ ಹೆಚ್ಚು. ಫೆರೋಡೊ ಇದನ್ನು ಮಾರುವುದು ತನ್ನ ರೇಸಿಂಗ್ ಪಟ್ಟಿಯಲ್ಲಿ, ಆದ್ದರಿಂದ ಶಿಮ್ (ಸದ್ದು ತಡೆಯುವ ತೆಳು ತಗಡು), ಕ್ಲಿಪ್, ಸವೆತ ತೋರಿಸುವ ವೈರು ಇವುಗಳನ್ನು ಡಬ್ಬದಲ್ಲಿ ನಿರೀಕ್ಷಿಸಬೇಡಿ. ಬೆಲೆ ಕಂಪನಿ ಪ್ಯಾಡಿನ ಹಲವು ಪಟ್ಟು, ಬಹುತೇಕ ಕಾರುಗಳಿಗೆ ತರಿಸಿಕೊಳ್ಳಲು ವಾರಗಟ್ಟಲೆ ಕಾಯಬೇಕು. ಟ್ರ್ಯಾಕ್ ಡೇಗೆ ಹೆಸರು ಕೊಟ್ಟ ಮೇಲೆ ಆರ್ಡರ್ ಮಾಡಿದರೆ ಪ್ಯಾಡ್ ಬರುವಷ್ಟರಲ್ಲಿ ಟ್ರ್ಯಾಕ್ ಡೇ ಮುಗಿದಿರುತ್ತದೆ.

ಫೆರೋಡೊ ಹುಟ್ಟಿದ್ದು 1897ರಲ್ಲಿ, ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಳಲ್ಲಿ. ಇಳಿಜಾರಿನಲ್ಲಿ ಕುದುರೆ ಗಾಡಿಯವರು ಮರದ ಬ್ರೇಕಿಗೆ ಹಳೆಯ ಬೂಟಿನ ಚರ್ಮ ಹೊಡೆದುಕೊಳ್ಳುವುದನ್ನು ಕಂಡು ಹರ್ಬರ್ಟ್ ಫ್ರೂಡ್ ಅದಕ್ಕಿಂತ ಒಳ್ಳೆಯದನ್ನು ಮಾಡಲು ಹೊರಟರು. ಅವರ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ ಇನ್ನೊಂದು ಅಕ್ಷರ ಸೇರಿಸಿದರೆ ಕಂಪನಿಯ ಹೆಸರು.

ಡಿಎಸ್2500ಕ್ಕಿಂತ ಮೇಲೆ ಫೆರೋಡೊದ್ದೇ ಡಿಎಸ್1.11, ಹಾಕ್ ಡಿಟಿಸಿ-60, ಪಾಗಿಡ್ ಆರ್‌ಎಸ್‌ಎಲ್29 ಮೊದಲಾದ ರೇಸ್ ಪ್ಯಾಡ್‌ಗಳು. ರೇಸಿಗೆಂದೇ ಮಾಡಿದವು, ಲ್ಯಾಪ್ ಮೇಲೆ ಲ್ಯಾಪ್ ಒಂದೇ ಹಿಡಿತ ಕೊಡುತ್ತವೆ. ಡಿಟಿಸಿ-60ರ ಕೆಲಸದ ತಾಪ ಶುರುವಾಗುವುದೇ 200 ಡಿಗ್ರಿಯ ಮೇಲೆ. ಬೆಳಗಿನ ಆಫೀಸು ದಾರಿಯಲ್ಲಿ ಡಿಸ್ಕ್ 100 ಡಿಗ್ರಿ ಮುಟ್ಟುವುದೇ ಅಪರೂಪ. ಮಿಕ್ಕದ್ದು ನೀವೇ ಊಹಿಸಿ. ತಣ್ಣಗಿರುವಾಗ ಇವು ಉಜ್ಜುಗಲ್ಲಿನಂತೆ ಡಿಸ್ಕ್ ತಿನ್ನುತ್ತವೆ ಕೂಡ; ಉದುರಿದ ಕಬ್ಬಿಣದ ಪುಡಿ ಮಳೆ ನೀರಿಗೆ ತುಕ್ಕು ಹಿಡಿದು ಅಲಾಯ್ ಚಕ್ರದ ಬಣ್ಣದೊಳಗೆ ಇಳಿದರೆ ತೊಳೆದು ಹೋಗುವುದಿಲ್ಲ. ಹಾಕ್ ಎಚ್‌ಪಿ ಪ್ಲಸ್ ರಸ್ತೆ ಪ್ಯಾಡಿಗೂ ರೇಸ್ ಪ್ಯಾಡಿಗೂ ನಡುವಿನದು, 430 ಡಿಗ್ರಿವರೆಗೆ ಕೆಲಸ, ಡಿಎಸ್2500ಕ್ಕೆ ನೇರ ಪ್ರತಿಸ್ಪರ್ಧಿ. ಹಿಡಿತದಲ್ಲಿ ಸೋಲುವುದಿಲ್ಲ, ಸದ್ದಿನಲ್ಲಿ ಸೋಲುತ್ತದೆ. ಬಸ್ಸಿನ ಬ್ರೇಕಿನಂತೆ ಕಿರುಚುವುದು ನಿಮಗೆ ತೊಂದರೆಯಲ್ಲದಿದ್ದರೂ ಅಪಾರ್ಟ್‌ಮೆಂಟಿನವರಿಗೆ ಆಗಬಹುದು.

ಪ್ಯಾಡಿನ ಅಂಚಿನಲ್ಲಿ ಎಫ್‌ಎಫ್, ಜಿಜಿ, ಜಿಎಫ್ ಎಂಬ ಜೋಡಿ ಅಕ್ಷರ ಇರುತ್ತದಲ್ಲ, ಅದನ್ನು ನೋಡಿ ಟ್ರ್ಯಾಕ್ ಪ್ಯಾಡ್ ಆರಿಸಬೇಡಿ. ಮೊದಲ ಅಕ್ಷರ ಸಾಧಾರಣ ತಾಪದ ಹಿಡಿತ, ಎರಡನೆಯದು ಬಿಸಿಯ ಹಿಡಿತ. ಇ ಎಂದರೆ ಘರ್ಷಣಾಂಕ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಆದರೆ ಆ ಪರೀಕ್ಷೆಯಲ್ಲಿ ಅಂಗುಲ ಚೌಕದ ತುಣುಕನ್ನು ಡ್ರಮ್ಮಿಗೆ ಒತ್ತಿ ನೋಡುತ್ತಾರೆ, 'ಬಿಸಿ' ಎಂದರೆ ಅಲ್ಲಿ 340 ಡಿಗ್ರಿ ಆಸುಪಾಸಿಗೇ ಮುಗಿಯುತ್ತದೆ. ಟ್ರ್ಯಾಕ್ ಶುರುವಾಗುವುದೇ ಅಲ್ಲಿಂದ. ಯುರೋಪಿನ 90ಆರ್ ಗುರುತು ಇನ್ನೂ ಬೇರೆ ವಿಷಯ: ಬದಲಿ ಪ್ಯಾಡ್ ಮೂಲ ಪ್ಯಾಡಿನ ಸಾಮರ್ಥ್ಯಕ್ಕಿಂತ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗಿಲ್ಲ ಎಂಬ ಖಾತರಿ ಅದು. ರಸ್ತೆ ಪ್ಯಾಡ್ ಕೊಳ್ಳುವಾಗ ಅದು ಇರಲಿ, ಟ್ರ್ಯಾಕ್ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈಗ ಫ್ಲೂಯಿಡ್. ನಮ್ಮಲ್ಲಿ ಎಲ್ಲರೂ ಬ್ರೇಕ್ ಆಯಿಲ್ ಅನ್ನುತ್ತಾರೆ. ಅದು ಆಯಿಲ್ ಅಲ್ಲ, ಗ್ಲೈಕಾಲ್. ಗಾಳಿಯ ತೇವ ಹೀರುವುದು ಅದರ ಹುಟ್ಟುಗುಣ. ಹೀರಿದ ನೀರು ಕುದಿಯುವ ಬಿಂದುವನ್ನು ಕೆಳಗೆಳೆಯುತ್ತದೆ. ಸಾಮಾನ್ಯ ಕಾರುಗಳಲ್ಲಿರುವ ಡಾಟ್ 4 ದರ್ಜೆಯ ಫ್ಲೂಯಿಡಿಗೆ ನಿಯಮ ಕೇಳುವುದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155. ಎರಡು ಮಳೆಗಾಲ ಕಂಡ ಮಂಗಳೂರಿನ ಕಾರಿನಲ್ಲಿ ಎರಡನೇ ಅಂಕೆಯನ್ನೇ ನಂಬಿ. ಒಳ್ಳೆಯ ಪ್ಯಾಡ್ ಹಾಕಿದಾಗ ಹಳೆಯ ಫ್ಲೂಯಿಡ್ ಇನ್ನೂ ಅಪಾಯ, ಏಕೆಂದರೆ ಪ್ಯಾಡ್ ಫೇಡ್ ಆಗಿ, ಅಂದರೆ ಬಿಸಿಗೆ ಹಿಡಿತ ಕಳೆದುಕೊಂಡು, ನಿಮ್ಮನ್ನು ಎಚ್ಚರಿಸುವುದಿಲ್ಲ. ಇನ್ನೂ ಜೋರಾಗಿ ಓಡಿಸುತ್ತೀರಿ, ಬಿಸಿ ಪ್ಯಾಡಿನ ಬೆನ್ನಿನ ಲೋಹದ ತಗಡಾದ ಬ್ಯಾಕ್ ಪ್ಲೇಟ್ ದಾಟಿ ಪಿಸ್ಟನ್ನಿಗೆ ಇಳಿಯುತ್ತದೆ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಒಳಗೆ ಫ್ಲೂಯಿಡ್ ಕುದ್ದು ಗುಳ್ಳೆ ಏಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ. ಗಟ್ಟಿ ಪೆಡಲ್, ನಿಲ್ಲದ ಕಾರು ಎಂದರೆ ಪ್ಯಾಡ್ ಸೋತಿದೆ. ಮೆತ್ತಗಿನ ಪೆಡಲ್ ಎಂದರೆ ಫ್ಲೂಯಿಡ್ ಕುದ್ದಿದೆ. ಎರಡನೆಯದು ಬಂದಾಗ ಪಟಪಟನೆ ಎರಡು ಮೂರು ಸಲ ಪೆಡಲ್ ಒತ್ತಿ ಒತ್ತಡ ಕಟ್ಟಿಕೊಳ್ಳಿ, ಗೇರ್ ಇಳಿಸಿ, ಆ ಸೆಷನ್ ಅಲ್ಲಿಗೆ ಬಿಡಿ.

ಮೋಟುಲ್ ಆರ್‌ಬಿಎಫ್ 600 ಹೊಸದಾಗಿದ್ದಾಗ 312 ಡಿಗ್ರಿವರೆಗೆ ಕುದಿಯುವುದಿಲ್ಲ, ಗ್ಲೈಕಾಲ್ ಜಾತಿಯದೇ ಆದ್ದರಿಂದ ಕಂಪನಿಯ ಡಾಟ್ 4 ಇದ್ದ ಕಡೆ ಹಾಕಬಹುದು. ಅರ್ಧ ಲೀಟರಿನ ಎರಡು ಬಾಟಲಿ ಬೇಕು. ಕ್ಯಾಸ್ಟ್ರಾಲ್ ಎಸ್‌ಆರ್‌ಎಫ್ ತೇವ ಹೀರಿದ ಮೇಲೂ 270 ಡಿಗ್ರಿ ಕಾಯ್ದುಕೊಳ್ಳುತ್ತದೆ, ಬೆಲೆ ಕೇಳಿದರೆ ನಮಗೂ ಸ್ವಲ್ಪ ಕುದಿ ಬರುತ್ತದೆ. ಡಾಟ್ 5 ಎಂಬುದು ಸಿಲಿಕಾನ್, ಅದರ ಹತ್ತಿರ ಹೋಗಬೇಡಿ, ಡಾಟ್ 5.1 ಬೇರೆ, ಅದು ಗ್ಲೈಕಾಲೇ. ತೆರೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ. ಮ್ಯಾನುಯಲ್ ಗೇರಿನ ಪೋಲೋದಂಥ ಕಾರುಗಳಲ್ಲಿ ಕ್ಲಚ್ಚೂ ಬ್ರೇಕಿನ ಫ್ಲೂಯಿಡ್ ಡಬ್ಬಿಯಿಂದಲೇ ಫ್ಲೂಯಿಡ್ ಎಳೆದುಕೊಳ್ಳುತ್ತದೆ, ನಾಲ್ಕು ಚಕ್ರ ಬ್ಲೀಡ್ ಮಾಡಿ (ಹಳೆಯ ಫ್ಲೂಯಿಡ್ ಹೊರಹಾಕಿ) ಕ್ಲಚ್ ಬಿಟ್ಟರೆ ಹಳೆಯ ಕಪ್ಪು ನೀರು ಒಳಗೇ ಉಳಿಯುತ್ತದೆ. ಗ್ಯಾರೇಜಿನವರು ಬಹುತೇಕ ಬಿಡುವುದು ಇದನ್ನೇ, ನಿಂತು ಮಾಡಿಸಿ.

ಕೆಂಪು ಬಣ್ಣ ಬಳಿದ ಕ್ಯಾಲಿಪರ್, ತೂತು ಕೊರೆದ ಡಿಸ್ಕ್, ಒಳಗೆ ಐದು ವರ್ಷದ ಫ್ಲೂಯಿಡ್: ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದಹಾಗೆ. ತೂತಿನ ಡಿಸ್ಕ್ ಟ್ರ್ಯಾಕಿನಲ್ಲಿ ತೂತಿನಿಂದ ತೂತಿಗೆ ಬಿರುಕು ಬಿಡುತ್ತದೆ. ಕಂಪನಿಯ ಸಾದಾ ವೆಂಟಿಲೇಟೆಡ್ ಡಿಸ್ಕೇ ಸರಿ, ಆಸೆ ತಡೆಯದಿದ್ದರೆ ಗೀರು ಇರುವ ಸ್ಲಾಟೆಡ್ ತನಕ ಹೋಗಿ.

ಹಾಕಿಸುವಾಗ ತಪ್ಪುವುದು ಎಲ್ಲಿ? ಮುಕ್ಕಾಲು ಪಾಲು ಸ್ಲೈಡ್ ಪಿನ್ನಿನಲ್ಲಿ. ನಮ್ಮ ಕಾರುಗಳ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ, ಅದು ಒಳಗಿನ ಪ್ಯಾಡನ್ನು ಒತ್ತುತ್ತದೆ. ಕ್ಯಾಲಿಪರ್ ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗೆ ಈ ಪಿನ್ನು ತುಕ್ಕು ಹಿಡಿದು ಜಾರದೆ ನಿಂತರೆ ಒಳಗಿನ ಪ್ಯಾಡ್ ಒಂದೇ ಸವೆಯುತ್ತದೆ, ಅದೂ ಓರೆಯಾಗಿ. ಹಳೆಯ ಪ್ಯಾಡ್ ಬಿಚ್ಚಿದಾಗ ಒಳಗಿನದು 3 ಮಿಮೀ, ಹೊರಗಿನದು 7 ಮಿಮೀ ಇದ್ದರೆ ಹೊಸ ಪ್ಯಾಡ್ ಹಾಕುವ ಮುನ್ನ ಪಿನ್ ಬಿಚ್ಚಿ ಒರೆಸಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗಿನ ಹಳದಿ ಗ್ರೀಸ್ ಹಚ್ಚಿದರೆ ಅದರ ಪೆಟ್ರೋಲಿಯಂಗೆ ರಬ್ಬರ್ ಬೂಟು ಊದಿಕೊಂಡು ಪಿನ್ನು ಮೊದಲಿಗಿಂತ ಗಟ್ಟಿಯಾಗಿ ಕೂರುತ್ತದೆ. ಪ್ಯಾಡ್ ಕಿವಿಗಳು ಕೂರುವ ಬ್ರ್ಯಾಕೆಟ್ಟಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಕೈಯಿಂದಲೇ ಪ್ಯಾಡ್ ಜಾರಬೇಕು, ಸುತ್ತಿಗೆ ಬೇಕಾದರೆ ಏನೋ ತಪ್ಪಿದೆ. ಪಿಸ್ಟನ್ ಹಿಂದಕ್ಕೆ ತಳ್ಳುವ ಮೊದಲು ಮೇಲಿನ ಡಬ್ಬಿಯಿಂದ ಸ್ವಲ್ಪ ಫ್ಲೂಯಿಡ್ ತೆಗೆಯಿರಿ, ಇಲ್ಲವಾದರೆ ಉಕ್ಕಿ ಬಣ್ಣ ಕಿತ್ತುಹಾಕುತ್ತದೆ. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಅದರಲ್ಲೇ ಇದ್ದರೆ ಆ ಪಿಸ್ಟನ್ನನ್ನು ತಿರುಗಿಸುತ್ತ ಒಳಗೆ ಕಳಿಸಬೇಕು, ಸಿ-ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ. ಚಕ್ರದ ಬೋಲ್ಟು ಪೋಲೋಗೆ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚಿನಲ್ಲೇ. ಗಾಳಿ ಗನ್ನಿನಲ್ಲಿ ಮನಬಂದಂತೆ ಬಿಗಿದರೆ ಡಿಸ್ಕ್ ಹಬ್ಬಿನ ಮೇಲೆ ಸಮವಾಗಿ ಕೂರುವುದಿಲ್ಲ. ಕೆಲಸ ಮುಗಿಸಿ ಕಾರು ಹೊರತೆಗೆಯುವ ಮುನ್ನ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಮೊದಲ ಒತ್ತು ನೆಲಕ್ಕೇ ಹೋಗುತ್ತದೆ, ಗೋಡೆ ಎದುರಿಗಿದ್ದಾಗ ಅದು ಗೊತ್ತಾಗಬಾರದು.

ಆಮೇಲೆ ಬೆಡ್-ಇನ್. ಇದು ಪ್ಯಾಡನ್ನು ಉಜ್ಜಿ ಸಮ ಮಾಡುವ ಕೆಲಸ ಎಂದೇ ಬಹಳ ಜನ ತಿಳಿದಿದ್ದಾರೆ. ಅಸಲಿಗೆ ಪ್ಯಾಡಿನ ವಸ್ತುವಿನ ತೆಳು ಪದರವೊಂದನ್ನು ಡಿಸ್ಕ್ ಮೇಲೆ ಸಮವಾಗಿ ಕೂರಿಸುವುದು, ಹೊಸ ಪ್ಯಾಡಿನ ರೆಸಿನ್ನಿನ ಮೊದಲ ಅನಿಲವನ್ನು ಹೊರಹಾಕಿಸುವುದು. ಎರಡನೆಯದನ್ನು ಬಿಟ್ಟು ನೇರ ಟ್ರ್ಯಾಕಿಗೆ ಹೋದರೆ ಎಷ್ಟೇ ದುಬಾರಿ ಪ್ಯಾಡಾದರೂ ಎರಡನೇ ಲ್ಯಾಪಿನಲ್ಲಿ ಕೈಕೊಡುತ್ತದೆ. ಗಂಟೆಗೆ 60 ಕಿಮೀಯಿಂದ 20ಕ್ಕೆ ಹಗುರಾಗಿ ಐದಾರು ಸಲ; ನಂತರ 100ರಿಂದ 30ಕ್ಕೆ ಗಟ್ಟಿಯಾಗಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಎಚ್ಚರಗೊಳ್ಳುವ ಅಂಚಿಗಿಂತ ಸ್ವಲ್ಪ ಕಡಿಮೆ, ಎಂಟು ಹತ್ತು ಸಲ, ನಡುವೆ 15–20 ಸೆಕೆಂಡು. ಎಲ್ಲೂ ಪೂರ್ತಿ ನಿಲ್ಲಿಸಬೇಡಿ. ಬಿಸಿ ಪ್ಯಾಡ್ ಒಂದೇ ಜಾಗಕ್ಕೆ ಅಂಟಿ ನಿಂತರೆ ಅಲ್ಲಿ ಪ್ಯಾಡಿನ ಆಕಾರದ ಅಚ್ಚು ಉಳಿಯುತ್ತದೆ, ಮುಂದೆ 80ರ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. 'ಡಿಸ್ಕ್ ಬೆಂಡಾಗಿದೆ' ಎಂದು ಲೇತಿಗೆ ಹೋಗುವ ಡಿಸ್ಕ್‌ಗಳಲ್ಲಿ ಬಹಳಷ್ಟರ ರೋಗ ಇದೇ. ಕೊನೆಯ ಬ್ರೇಕಿನಲ್ಲಿ ಸುಟ್ಟ ವಾಸನೆ, ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ. ಅಲ್ಲಿಂದ ಬ್ರೇಕ್ ಮುಟ್ಟದೆ ಹತ್ತು ಕಿಮೀ ಓಡಿಸಿ ತಣಿಸಿ. ಇದನ್ನೆಲ್ಲ ಸಂಚಾರವಿರುವ ಹೆದ್ದಾರಿಯಲ್ಲಿ ಮಾಡಬೇಡಿ, ಹಿಂದಿನ ಲಾರಿಯವನಿಗೆ ನಿಮ್ಮ ಬೆಡ್-ಇನ್ ಗೊತ್ತಿರುವುದಿಲ್ಲ. ಟ್ರ್ಯಾಕಿನ ಮೊದಲ ಸೆಷನ್ನೇ ಇದಕ್ಕೆ ಸರಿಯಾದ ಜಾಗ.

ಡಿಸ್ಕ್ ಹಳೆಯದಾಗಿದ್ದರೆ ಅದರ ಮೇಲೆ ಹಳೆಯ ಪ್ಯಾಡಿನ ಪದರ ಇದ್ದೇ ಇರುತ್ತದೆ. ಮರಳು ಕಾಗದದಿಂದ ಉಜ್ಜಿ ಬ್ರೇಕ್ ಕ್ಲೀನರಿನಿಂದ ಒರೆಸಿ ಹೊಸ ಪ್ಯಾಡ್ ಹಾಕಿ. ಟ್ರ್ಯಾಕಿಗೊಂದು, ರಸ್ತೆಗೊಂದು ಎಂದು ಪ್ರತಿ ಸಲ ಪ್ಯಾಡ್ ಬದಲಿಸುವವರಿಗೆ ಇದೇ ತಲೆನೋವು: ಒಂದರ ಪದರದ ಮೇಲೆ ಇನ್ನೊಂದು ಕೂರದೆ ನಡುಕ, ಎಳೆದಾಟ. ಅವರಿಗೆ ಡಿಸ್ಕ್ ಕೂಡ ಎರಡು ಜೊತೆ ಬೇಕು. ಎರಡು ದೋಣಿಯಲ್ಲಿ ಕಾಲಿಟ್ಟಂತೆ ಕಂಡರೂ ಡಿಎಸ್2500 ಗೆಲ್ಲುವುದು ಈ ಕಾರಣಕ್ಕೇ, ಅದನ್ನು ಬಿಚ್ಚುವ ಕೆಲಸವೇ ಇಲ್ಲ.

ಹಿಂದಿನ ಡ್ರಮ್ ಬಗ್ಗೆ ಕೀಳರಿಮೆ ಬೇಡ. ಗಟ್ಟಿ ಬ್ರೇಕಿನಲ್ಲಿ ಹಿಂಚಕ್ರದ ಪಾಲು ಚಿಕ್ಕದು. ಶೂ ಸರಿಯಾಗಿ ಅಡ್ಜಸ್ಟ್ ಆಗಿದೆಯೇ, ವೀಲ್ ಸಿಲಿಂಡರ್ ಸೋರುತ್ತಿದೆಯೇ ನೋಡಿದರೆ ಸಾಕು. ನಾಲ್ಕೂ ಕಡೆ ಡಿಸ್ಕ್ ಇರುವ ಕಾರಿನವರು ಹಿಂದಕ್ಕೆ ಮುಂದಿನದಕ್ಕಿಂತ ಚುರುಕಾದ ಪ್ಯಾಡ್ ಹಾಕಬಾರದು. ತಿರುವಿಗೆ ಇಳಿಯುವಾಗ ಹಿಂಚಕ್ರ ಮೊದಲು ಜಾರಿದರೆ ಕಾರು ಸುತ್ತು ಹಾಕುತ್ತದೆ. ಹಿಡಿತ ತೀರಾ ಹೆಚ್ಚಿರುವ ಪ್ಯಾಡಿಗೆ ಇನ್ನೊಂದು ಸಂಗತಿಯೂ ಇದೆ. ಉಬ್ಬುತಗ್ಗಿನ ಮೇಲೆ ಒಮ್ಮೆಲೇ ಕಾಲು ಗುದ್ದಿದರೆ ಚಕ್ರ ಕ್ಷಣದಲ್ಲಿ ನಿಂತು, ಎಬಿಎಸ್ ಇದನ್ನು ಮಂಜುಗಡ್ಡೆಯ ರಸ್ತೆ ಎಂದು ತಿಳಿದು ಒತ್ತಡ ಕಡಿದುಬಿಡುತ್ತದೆ. ಪೆಡಲ್ ಮರದ ಹಲಗೆಯಾಗುತ್ತದೆ, ಕಾರು ತೇಲಿ ಹೋಗುತ್ತದೆ. ಕಾಲು ಒಮ್ಮೆ ಸಡಿಲಿಸಿ ಮತ್ತೆ ಒತ್ತಬೇಕು, ಆ ಹೊತ್ತಿನಲ್ಲಿ ಇದು ಯಾರಿಗೂ ಸುಲಭವಲ್ಲ. ಗುದ್ದದೆ ಹಿಂಡುವ ಅಭ್ಯಾಸ ಮಾಡಿಕೊಳ್ಳಿ. ಸ್ಥಿರತೆ ಕಾಯುವ ಇಎಸ್‌ಪಿ ತಿರುವಿನಲ್ಲಿ ತಾನಾಗಿ ಬ್ರೇಕ್ ಹಾಕುತ್ತಿರುತ್ತದೆ, ಒಂದೇ ಕಡೆಯ ಪ್ಯಾಡ್ ಬೇಗ ಸವೆದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಟ್ರ್ಯಾಕಿಗೆ ಹೊರಡುವ ಹಿಂದಿನ ದಿನ ಪ್ಯಾಡ್ ಅಳೆಯಿರಿ. ರಸ್ತೆಗೆ 3 ಮಿಮೀ ಕೊನೆಯ ಗೆರೆ. ಟ್ರ್ಯಾಕಿಗೆ 6 ಮಿಮೀಗಿಂತ ಕಡಿಮೆ ಇದ್ದರೆ ಹೋಗಬೇಡಿ, ಕಾರಣ ಸವೆತವೊಂದೇ ಅಲ್ಲ: ಪ್ಯಾಡಿನ ದಪ್ಪವೇ ಫ್ಲೂಯಿಡಿಗೂ ಬಿಸಿಗೂ ನಡುವಿನ ಗೋಡೆ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತಾರೆ, ಅಂಚಿನ ತುಟಿ ಬಿಟ್ಟು ಒಳಗೆ ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಕೂದಲೆಳೆಯಂಥ ಗೀರು ಡಿಸ್ಕ್ ಮುಖದ ಮೇಲಿದ್ದರೆ ಸಹಜ, ಅಂಚನ್ನು ಮುಟ್ಟಿದ ಬಿರುಕಿದ್ದರೆ ಗುಜರಿಗೆ. ಕಂಪನಿ ಪ್ಯಾಡಿನ ಹಳೆಯ ಜೋಡಿ ಡಿಕ್ಕಿಯಲ್ಲಿರಲಿ, ಜೊತೆಗೆ ಜಾಕ್, ಕ್ಯಾಲಿಪರ್ ಸಲಕರಣೆ, ಅರ್ಧ ಲೀಟರ್ ಫ್ಲೂಯಿಡ್. ಪ್ರತಿ ಸೆಷನ್ನಿನ ಕೊನೆಯ ಲ್ಯಾಪ್ ಬ್ರೇಕ್ ಮುಟ್ಟದೆ ಬನ್ನಿ. ಪಿಟ್ಟಿನಲ್ಲಿ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಕಾರನ್ನು ಅರ್ಧ ಚಕ್ರ ಮುಂದಕ್ಕೆ ತಳ್ಳಿ. ಬಿಸಿ ನಿಜವಾಗಿ ಎಷ್ಟಾಗಿದೆ ಎಂದು ತಿಳಿಯಬೇಕಾದವರು ಇನ್‌ಫ್ರಾರೆಡ್ ಗನ್ನನ್ನು ನಂಬಬೇಡಿ, ಪಿಟ್ ತಲುಪುವಷ್ಟರಲ್ಲಿ ಅರ್ಧ ಬಿಸಿ ಹೋಗಿರುತ್ತದೆ. ಡಿಸ್ಕ್ ಅಂಚಿಗೆ ಬಳಿಯುವ ತಾಪದ ಬಣ್ಣ ಸಿಗುತ್ತದೆ: ಎಪಿ ರೇಸಿಂಗಿನದರಲ್ಲಿ ಹಸಿರು 430 ಡಿಗ್ರಿಗೆ, ಕಿತ್ತಳೆ 560ಕ್ಕೆ, ಕೆಂಪು 610ಕ್ಕೆ ಬಣ್ಣ ಬದಲಿಸುತ್ತದೆ. ಹಸಿರು ಮಾತ್ರ ಹೋಗಿ ಕಿತ್ತಳೆ ಹಾಗೇ ಉಳಿದಿದ್ದರೆ ಡಿಎಸ್2500 ತನ್ನ ಮಿತಿಯ ಆಸುಪಾಸಿನಲ್ಲೇ ಇದೆ ಎಂದರ್ಥ, ಅದೇ ಪ್ಯಾಡ್ ಮುಂದುವರಿಸಿ. ಕಿತ್ತಳೆಯೂ ಬದಲಾಗಿದ್ದರೆ ಡಿಎಸ್1.11 ಯೋಚಿಸುವ ಹೊತ್ತು, ಅದಕ್ಕೂ ಮೊದಲು ಡಿಸ್ಕಿಗೆ ಗಾಳಿ ತರುವ ಕೊಳವೆ.

ಕೊಳ್ಳುವಾಗ ಕಾರಿನ ಹೆಸರು ಹೇಳಿ ಆರ್ಡರ್ ಕೊಡಬೇಡಿ. ಒಂದೇ ಹೆಸರಿನ ಕಾರಿಗೆ ವರ್ಷ, ಎಂಜಿನ್ ನೋಡಿ ಬೇರೆ ಬೇರೆ ಕ್ಯಾಲಿಪರ್ ಬಂದಿರುತ್ತದೆ, ಯುರೋಪಿನ ಪಟ್ಟಿಯಲ್ಲಿರುವ ಪೋಲೋ ನಮ್ಮ ಪೋಲೋ ಆಗಿರಬೇಕೆಂದೂ ಇಲ್ಲ. ಹಳೆಯ ಪ್ಯಾಡಿನ ಬ್ಯಾಕ್ ಪ್ಲೇಟಿನಲ್ಲಿ ಪ್ಯಾಡಿನ ಆಕಾರ ಗುರುತಿಸುವ ಐದಂಕಿಯ ಡಬ್ಲ್ಯುವಿಎ ಸಂಖ್ಯೆ ಇದ್ದರೆ ಅದರಿಂದ ಹುಡುಕಿ, ಉದ್ದ, ಎತ್ತರ, ದಪ್ಪ ಮೂರನ್ನೂ ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಅಳೆದು ತಾಳೆ ನೋಡಿ. ಫೆರೋಡೊ ರೇಸಿಂಗ್ ಸಂಖ್ಯೆ ಎಫ್‌ಸಿಪಿ ಎಂದು ಶುರುವಾಗಿ, ಆಕಾರದ ಅಂಕೆಗಳಾದ ಮೇಲೆ ಒಂದು ಅಕ್ಷರದಿಂದ ಮುಗಿಯುತ್ತದೆ. ಆ ಅಕ್ಷರ ಎಚ್ ಆದರೆ ಡಿಎಸ್2500, ಡಬ್ಲ್ಯು ಆದರೆ ಡಿಎಸ್1.11. ಅಂಗಡಿಯವನು 'ಎರಡೂ ಒಂದೇ ಸಾರ್, ಇದು ಇನ್ನೂ ಸ್ಟ್ರಾಂಗು' ಎಂದು ಡಬ್ಲ್ಯು ಡಬ್ಬ ಮುಂದಿಟ್ಟರೆ ಕಾಯುತ್ತೇನೆ ಎಂದು ಹೇಳಿ ಬನ್ನಿ.